ಮೂರು ಪಾಯಿಂಟ್ ಮೂರು

ಗಣಿ ಕೆಲಸಗಾರ ಮಿಲುನ್ ವಿಷಾನಿಲಕ್ಕೆ ಸಿಕ್ಕಿ ಸತ್ತು ಮೂವತ್ತೇಳು ದಿನವಾಗಿತ್ತು. ಗಣಿಯವರು ಬಟ್ಟೆಯ ಜೊತೆ ವಾಪಸು ಕೊಟ್ಟ ಅನಿಲದ ಅಲಾರಾಂ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅವನ ಹೆಂಡತಿ ಸ್ತಾನಿಯಾ ಬೆಳಗಿನ ಬಸ್ಸಿಗೇ ನಿಶ್ ಪಟ್ಟಣಕ್ಕೆ ಬಂದು ನೆವೆನಾಳ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ಕೂತಿದ್ದಳು. ಪೀಂ ಪೀಂ ಸದ್ದಿಗೆ ಬೇಸತ್ತು ಅವನೇ ಡಬ್ಬಿ ಆಫ್ ಮಾಡಿದ್ದನೆಂದು ಗಣಿಯ ಮೇಲಧಿಕಾರಿಗಳು ಅದನ್ನು ಬಿಚ್ಚಿಯೂ ನೋಡದೆ ಕೈತೊಳೆದುಕೊಂಡಿದ್ದರು. ಅದೇ ಅನಿಲಕ್ಕೆ ಸಿಕ್ಕ ಜೊತೆಯ ಇಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದರು.

"ಶನಿವಾರ ನಲವತ್ತನೇ ದಿನದ ಪ್ರಾರ್ಥನೆ. ಸಮಾಧಿ ಹತ್ರ ಅವನ ತಂಡದೋರೆಲ್ಲ ಬರ್ತಾರೆ, ಆದ್ರೆ ಅವನಿಂದಲೇ ಹಿಂಗಾಯ್ತು ಅಂತ ನನ್ನ ಮುಖ ನೋಡಲ್ಲ," ಎಂದಳು ಸ್ತಾನಿಯಾ. "ಡಬ್ಬಿ ಆನ್ ಇತ್ತೋ ಇಲ್ವೋ, ಅಷ್ಟು ಹೇಳಿಬಿಡು ತಾಯಿ."

"ಒಳಗಿನ ಚಿಪ್‌ನಲ್ಲಿ ಎಲ್ಲ ದಾಖಲಾಗಿರುತ್ತೆ ಅಕ್ಕ. ಹತ್ತು ನಿಮಿಷ."

"ಇವಳ ಹತ್ತು ನಿಮಿಷ ಅಂದ್ರೆ ಎರಡು ಕಾಫಿ," ಎಂದು ಹಳೆಯ ಕೆಲಸಗಾರ ರಾದೋಯೆ ನೀರು ಕಾಯಿಸಲಿಟ್ಟ. ಸ್ತಾನಿಯಾ ಬಂದಾಗಿನಿಂದ ಮೊದಲ ಸಲ ನಕ್ಕಳು.

ನೆವೆನಾ ಡಬ್ಬಿ ಬಿಚ್ಚಿ, ಚಿಪ್ ಓದುವ ಪ್ರೋಬ್ ಎತ್ತಿಕೊಂಡಳು. ಎದುರಿನ ಸರ್ಕ್ಯೂಟ್ ಬೋರ್ಡು ಎಷ್ಟು ವೋಲ್ಟಿನದೆಂದು ಪ್ರೋಬ್ ಮೊದಲು ಒಂದು ತಂತಿಯಲ್ಲಿ ವಿಚಾರಿಸಿಕೊಂಡು, ಆಮೇಲೆ ಅಷ್ಟರಲ್ಲೇ ಮಾತಾಡಬೇಕು. ಆದರೆ ಇಲ್ಲಿಗೆ ಬರುತ್ತಿದ್ದ ಹಳೇ ಕಾರ್ಖಾನೆ ಬೋರ್ಡುಗಳು ಆ ವಿಚಾರಣೆಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಅದಕ್ಕೆಂದು ನೆವೆನಾಳೇ ಮೂರು ವರ್ಷದ ಹಿಂದೆ ಪ್ರೋಬಿನ ಸ್ವಂತ ಮೂರು ಪಾಯಿಂಟ್ ಮೂರು ವೋಲ್ಟನ್ನು ಆ ತಂತಿಗೆ ಬೆಸುಗೆ ಹಾಕಿದ್ದಳು. ಎಲ್ಲರೂ ಭೇಷ್ ಅಂದಿದ್ದರು, ಆಮೇಲೆ ಎಲ್ಲರೂ ಮರೆತಿದ್ದರು. ಅವಳೂ ಮರೆತಿದ್ದಳು.

ಚುಚ್ಚಿದಳು. ಪರದೆಯ ಮೇಲೆ 3.3 ಎಂದು ಬಂತು. ದಿನಾ ನೋಡುವ ಅಂಕಿ ಕಂಡು ಅವಳಿಗೆ ನೆಮ್ಮದಿಯೇ ಆಯಿತು.

ಆಮೇಲೆ ಏನೂ ಬರಲಿಲ್ಲ. ಬೆರಳಿಟ್ಟು ನೋಡಿದರೆ ಚಿಪ್ ಚುರ್ರೆಂದಿತು. ಪ್ರೋಬ್ ಕಿತ್ತು ಎಸೆದು, ಭೂತಗನ್ನಡಿ ಹಿಡಿದು ಚಿಪ್‌ನ ಮೇಲಿನ ಅಕ್ಷರ ಓದಿದಳು. ಒಂದು ಪಾಯಿಂಟ್ ಎಂಟು ವೋಲ್ಟಿನ ಚಿಪ್ ಅದು. ಪರದೆ ತೋರಿಸಿದ್ದು ಬೋರ್ಡಿನ ವೋಲ್ಟನ್ನಲ್ಲ, ಪ್ರೋಬ್ ತನ್ನದನ್ನೇ ತಾನು ಅಳೆದುಕೊಂಡಿತ್ತು. ಸತ್ತವನ ಕೊನೆಯ ಸಾಕ್ಷಿಯನ್ನು ಅವಳು ಸುಟ್ಟುಹಾಕಿದ್ದಳು.

ರಾದೋಯೆ ಬಗ್ಗಿ ನೋಡಿ, ಕಿವಿಯ ಬಳಿ ಪಿಸುಗುಟ್ಟಿದ. "ಬರುವಾಗ್ಲೇ ಸುಟ್ಟಿತ್ತು ಅಂತ ಬರೆದುಬಿಡು. ಯಾರಿಗೆ ಗೊತ್ತಾಗುತ್ತೆ?"

ಅವಳಿಗೆ ಒಂದು ಕ್ಷಣ ಆಸೆಯಾದದ್ದು ನಿಜ. ಆದರೆ ಎದುರಿಗೆ ಸ್ತಾನಿಯಾ ಕಾಫಿ ಲೋಟ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಅಕ್ಕ, ಡಬ್ಬಿ ಚೆನ್ನಾಗೇ ಇತ್ತು. ನಾನೇ ಸುಟ್ಟೆ. ತಡ್ಕೊಳ್ಳೋದಕ್ಕಿಂತ ಜಾಸ್ತಿ ವೋಲ್ಟ್ ಕೊಟ್ಟುಬಿಟ್ಟೆ. ಇನ್ನು ಅದನ್ನ ಯಾರೂ ಓದಕ್ಕಾಗಲ್ಲ."

ಸ್ತಾನಿಯಾ ಲೋಟ ಕೆಳಗಿಟ್ಟು ಕೇಳಿದಳು. "ಹಂಗಾದ್ರೆ ಅವನು ಆಫ್ ಮಾಡಿದ್ದ ಅಂತ ಅವರೂ ತೋರಿಸಕ್ಕಾಗಲ್ವಾ?"

"ಆಗಲ್ಲ ಅಕ್ಕ. ಆಫ್ ಮಾಡಿರಲಿಲ್ಲ ಅಂತ ನಾವೂ ತೋರಿಸಕ್ಕಾಗಲ್ಲ."

ಸ್ತಾನಿಯಾ ಡಬ್ಬಿಯನ್ನು ಅಲ್ಲೇ ಬಿಟ್ಟು, ಬರೀ ಕರವಸ್ತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಶನಿವಾರ ಹತ್ತು ಗಂಟೆಗೆ ಸಮಾಧಿ ಹತ್ರ ಬಾ," ಎಂದಳು. "ಅವನು ಆಫ್ ಮಾಡಿದ್ದ ಅನ್ನೋದಕ್ಕೆ ಯಾರ ಹತ್ರಾನೂ ಸಾಕ್ಷಿ ಇಲ್ಲ ಅಂತ ನಾನು ಹೇಳಿದ್ರೆ ಯಾರೂ ನಂಬಲ್ಲ. ಅವನ ತಂಡದೋರ ಮುಂದೆ ನಿಂತು ನೀನೇ ಹೇಳು."