ಹಿರೇಬೆಂಡಿಗೇರಿಯ ಬದುವಿನೊಳಗಿನ ಕೇಬಲ್

ಮುದುಕನಿಗೆ ಮರೆವು ಹಿಡಿದಿದೆ ಎಂದು ಗ್ರೂಪಿನಲ್ಲಿ ಹಲ್ಲು ಕಿಸಿದವರೆಲ್ಲ ಮೊದಲು ಬಾಯಿ ಮುಚ್ಚಿ, ಕಿವಿ ತೆರೆಯಿರಿ. ಇದು ಹಾನಗಲ್ಲಿನ ಕಥೆ ಎನ್ನುತ್ತಾನೆ ಒಬ್ಬ, ಅಲ್ಲ ಹಿರೇಕೆರೂರಿನದು ಎನ್ನುತ್ತಾನೆ ಇನ್ನೊಬ್ಬ. ನಿನ್ನೆ ಉಂಡ ಪಲ್ಯ ಯಾವುದೆಂದು ಹೇಳಲಾರದವರು ನನ್ನನ್ನು ತಿದ್ದಲು ಬರುತ್ತೀರಾ? ನಡೆದದ್ದು ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ, ಹೋದ ಮುಂಗಾರಿನಲ್ಲಿ. ನಡುವೆ ಬಾಯಿ ಹಾಕಬೇಡಿ.

ಸವಣೂರಿನ ಇರಮ ಗೊತ್ತಲ್ಲ? ಖಾದರಸಾಬನ ಮಗಳು. ಅಪ್ಪ ಮನೆಮನೆಗೆ ಟಿವಿ ಕೇಬಲ್ ಎಳೆದ, ಮಗಳು ಇಂಟರ್ನೆಟ್ ಎಳೆದಳು. ಸವಣೂರು, ಬಂಕಾಪುರ ಮುಗಿಸಿ ಹಿರೇಬೆಂಡಿಗೇರಿಯ ಕಡೆ ಹೊರಳಿದಳು. ಅಲ್ಲಿ ದೊಡ್ಡ ಕಂಪನಿಯೊಂದು ಒಂಟಿಯಾಗಿ ಮೆರೆಯುತ್ತಿತ್ತು. ಮೋಡ ಕವಿದರೆ ನೆಟ್ ಹೋಗುತ್ತಿತ್ತು, ಫೋನ್ ಮಾಡಿದರೆ ಹಾಡು ಕೇಳಿಸುತ್ತಿತ್ತು. ನೆಟ್ ಇಲ್ಲದೆ ಡೈರಿಯ ಯಂತ್ರದಿಂದ ಹಾಲಿನ ಲೆಕ್ಕದ ಚೀಟಿ ಬರುವುದಿಲ್ಲ, ಕ್ಯಾನು ಹಿಡಿದ ಹೆಂಗಸರ ಸಾಲು ಬಾಗಿಲಾಚೆ ರಸ್ತೆಗೆ ಬರುತ್ತಿತ್ತು.

ಇರಮ ಕಂಬದ ಮೇಲೆ ಕೇಬಲ್ ಹಾಕುತ್ತೇನೆಂದಳು. ಕಂಬಗಳೆಲ್ಲ ಆ ಕಂಪನಿಗೇ ಗುತ್ತಿಗೆಯಾಗಿವೆ ಎಂದರು. ರಸ್ತೆ ಬದಿ ಅಗೆಯುತ್ತೇನೆಂದಳು. ಪಂಚಾಯತಿಯವರು ರಸ್ತೆ ಇಲಾಖೆಯನ್ನು ಕೇಳು ಎಂದರು, ರಸ್ತೆ ಇಲಾಖೆಯವರು ಪಂಚಾಯತಿಯ ಪತ್ರ ತಾ ಎಂದರು. ಇಂತಿಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಎನ್ನಬೇಕೆಂಬ ನಿಯಮವನ್ನು ಅವಳು ಓದಿ ತೋರಿಸಿದರೆ, ಗುಮಾಸ್ತ ಚಹಾ ತರಿಸಿ ಕುಡಿಸಿ ಕಳಿಸಿದ. ಚಹಾ ಚಲೋ ಇತ್ತಂತೆ.

ಅಷ್ಟರಲ್ಲಿ ಸುದ್ದಿ ಬಂತು. ಐದು ವರ್ಷ ಬೇರೆ ಯಾರನ್ನೂ ಒಳಗೆ ಬಿಡಕೂಡದು ಎಂಬ ಆ ಕಂಪನಿಯ ಕರಾರಿಗೆ ಡೈರಿಯವರು ಸೋಮವಾರದ ಸಭೆಯಲ್ಲಿ ಸಹಿ ಹಾಕುತ್ತಾರಂತೆ. ಊರಿನ ದೊಡ್ಡ ಗಿರಾಕಿಯೇ ಡೈರಿ. ಅದು ಕೈತಪ್ಪಿದರೆ ಒಂದೊಂದು ಮನೆಗಾಗಿ ಅಷ್ಟು ದೂರ ಕೇಬಲ್ ಎಳೆಯುವುದು ಆಗದ ಮಾತು.

ದಾರಿ ತೋರಿಸಿದವಳು ಮಾಬೂಬಿ, ಎರಡು ಎಮ್ಮೆಯ ಒಡತಿ, ನಾಲಿಗೆ ಕುಡುಗೋಲಿನಂಥದ್ದು. "ಏ ಹುಚ್ಚಿ, ರಸ್ತಾ ಸರಕಾರದ್ದು, ಖರೆ. ಹೊಲದ ಬದು ಯಾರದ? ನಮ್ದು! ಪೆಟ್ರೋಲ್ ಬಂಕಿನ ತನಕ ನಿನ್ನ ವೈರ್ ಬಂದೈತಲ್ಲ, ಅಲ್ಲಿಂದ ಡೈರಿ ತನಕ ಬದುವಿನ್ಯಾಗ ಹೂಳು."

"ಖಾಲಾ, ಅಷ್ಟೂ ಅಗಿಯಾಕ ನನ್ನ ಹತ್ರ ಆಳು ಎಲ್ಲಿ ಅದಾರ?"

"ಮುಯ್ಯಿ ಮಾಡೂಣು. ನಾವು ಕಳೆ ತಗಿಯಾಕ ಒಬ್ರ ಹೊಲಕ್ಕ ಒಬ್ರು ಹೋಗೂದಿಲ್ಲೇನು? ಹಂಗ."

ನೋಡಿ, ಊರೇ ಎದ್ದಿತು! ಅವರವರ ಬದು ಅವರವರೇ ಅಗೆದರು, ಮುಗಿಸಿದವರು ಪಕ್ಕದವರ ಜೊತೆ ಕೈಜೋಡಿಸಿದರು. ಇರಮ ಹಿಂದೆ ಮುಂದೆ ಓಡಾಡಿ, "ಮೊಳಕಾಲುದ್ದ ಅಗೀರಿ" ಎಂದು ಕೂಗುತ್ತಲೇ ಇದ್ದಳು. ಎಲ್ಲರೂ ಅಷ್ಟೇ ಆಳ ಅಗೆದರು, ಒಬ್ಬನನ್ನು ಬಿಟ್ಟು. ಆ ಒಬ್ಬ ಯಾರು? ಡೈರಿಯ ಅಧ್ಯಕ್ಷ ಮಾಲತೇಶ! ಗೇಣುದ್ದ ಅಗೆದು ಕೈ ಝಾಡಿಸಿದ.

"ಅಣ್ಣಾರ, ಇನ್ನೊಂಚೂರು ಆಳ ಆಗ್ಬೇಕ್ರಿ."

"ಸಾಕ ಬಿಡವಾ. ಬದುವಿನ್ಯಾಗ ಯಾವ ಮಗಾ ರೆಂಟಿ ಹೊಡಿತಾನ?"

ರೆಂಟೆ ಎಂದರೆ ನೇಗಿಲು, ಪೇಟೆಯವರೇ. ಈ ಮಾತು ನೆನಪಿರಲಿ.

ಭಾನುವಾರ ಸಂಜೆ ಡೈರಿಯಲ್ಲಿ ಇರಮ ಇಟ್ಟ ನೆಟ್ ಪೆಟ್ಟಿಗೆಯ ಹಸಿರು ದೀಪ ಹೊತ್ತಿತು. ಅರ್ಧ ಊರಿಗೆ ಹಬ್ಬ. ಇರಮ ಖುಷಿಗೆ ಸಕ್ಕರೆ ಹಂಚಿದಳು.

ಸೋಮವಾರ ಮಧ್ಯಾಹ್ನ ಸಭೆ. ದೊಡ್ಡ ಕಂಪನಿಯ ಕೌಸ್ತುಭ ಇಸ್ತ್ರಿ ಅಂಗಿ ಹಾಕಿಕೊಂಡು ಕರಾರುಪತ್ರ ಹರಡಿ ಕುಳಿತಿದ್ದ. ಮಾಲತೇಶ ಕಾಲಿನ ಹಸಿ ಮಣ್ಣನ್ನೂ ತೊಳೆಯದೆ ಬಂದು ಖುರ್ಚಿ ಹಿಡಿದ. ಇರಮ ಹೆಮ್ಮೆಯಿಂದ ಸ್ವಿಚ್ ಹಾಕಿದಳು. ಕೆಂಪು ದೀಪ! ತೆಗೆದು ಹಾಕಿದಳು. ಮತ್ತೆ ಕೆಂಪು!

"ಒಂದ ದಿನಾನೂ ಬಾಳಿಕಿ ಬರಲಿಲ್ಲಲ್ರಿ, ಮೇಡಂ" ಎಂದ ಕೌಸ್ತುಭ, ಪೆನ್ನನ್ನು ಮಾಲತೇಶನ ಕಡೆ ಸರಿಸುತ್ತ.

ಇರಮ ಪೆನ್ನಿಗೆ ಅಡ್ಡ ಕೈ ಇಟ್ಟಳು. "ಸಂಜಿ ಹಾಲು ಹಾಕೂ ತನಕ ತಡೀರಿ, ಅಣ್ಣಾರ. ಅಷ್ಟರಾಗ ದೀಪ ಹತ್ತಲಿಲ್ಲ ಅಂದ್ರ ಸಹಿ ಹಾಕ್ರಿ. ನಾ ಈ ಊರ ಕಡೆ ತಲಿ ಹಾಕೂದಿಲ್ಲ."

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಆದರೆ ಕೇಬಲ್ ಎಷ್ಟು ದೂರದಲ್ಲಿ ಹರಿದಿದೆ ಎಂದು ತೋರಿಸುವ ಯಂತ್ರ ಅವಳ ಹತ್ತಿರವಿತ್ತು. ಅದು ತೋರಿಸಿದ ಕಡೆಗೆ ನಡೆದಳು. ಹಿಂದೆ ಮಾಬೂಬಿ, ಅವಳ ಹಿಂದೆ ಸಭೆಗೆ ಸಭೆಯೇ! ಮಾಲತೇಶನ ಹೊಲ ಹತ್ತಿರ ಬಂದಂತೆ ಅವನ ಹೆಜ್ಜೆ ಸಣ್ಣದಾಗುತ್ತ ಹೋಯಿತು.

ಅವನ ಹೊಲಕ್ಕೂ ಮೃತ್ಯುಂಜಯನ ಹೊಲಕ್ಕೂ ನಡುವಿನ ಬದು. ಬೆಳಿಗ್ಗೆಯ ಹೊಸ ಸಾಲಿನಲ್ಲಿ ಕಪ್ಪು ಕೇಬಲ್ಲಿನ ತುಂಡುಗಳು ಮೇಲೆದ್ದು ಕೂತಿದ್ದವು. ವರ್ಷವರ್ಷವೂ ಬದುವನ್ನು ಒಂದೊಂದು ಗೇಣು ಉತ್ತು ತನ್ನ ಹೊಲಕ್ಕೆ ಸೇರಿಸಿಕೊಳ್ಳುವುದು ಮಾಲತೇಶನ ಚಾಳಿ. ಕೇಬಲ್ ಹೂತವನೂ ಅವನೇ. ಆದರೂ ರೆಂಟೆ ಹಿಡಿದೊಡನೆ ಕೈ ತಾನಾಗಿ ಹಳೆಯ ದಾರಿಗೆ ಹೊರಳಿತ್ತು!

"ಬದುವಿನ್ಯಾಗ ಯಾವ ಮಗಾ ರೆಂಟಿ ಹೊಡಿತಾನಪಾ?" ಎಂದು ಮಾಬೂಬಿ ಗಟ್ಟಿಯಾಗಿ ಕೇಳಿದಳು. ನಗು ಹೊಲದ ತುಂಬ.

ಮೃತ್ಯುಂಜಯ ಮಾತ್ರ ನಗಲಿಲ್ಲ. ಸಾಲಿಗೆ ಅಡ್ಡ ನಿಂತ. "ಸಿಕ್ಕಿಬಿದ್ದೀ ನೋಡು, ಮಗನ! ಸರ್ವೇದವ್ರು ಬಂದು ಅಳಿಯೂ ತನಕ ಈ ಮಣ್ಣ ಯಾರೂ ಮುಟ್ಟಬ್ಯಾಡ್ರಿ. ಇದು ಸಾಕ್ಷಿ!"

ಸರ್ವೆಯವರು ಯಾವ ಯುಗದಲ್ಲಿ ಬರುತ್ತಾರೋ! ಕೌಸ್ತುಭ ಬದುವಿನ ಮೇಲೆ ಹಾಯಾಗಿ ಕುಳಿತ. ಎಲ್ಲ ಇಲಾಖೆಗಳನ್ನು ದಾಟಿ ಬಂದು ಇಷ್ಟೇ ಇಷ್ಟು ಮಣ್ಣಿನಲ್ಲಿ ಮುಳುಗಬೇಕೇ ಎಂದು ಇರಮಳಿಗೆ ಅಳು ಬಂತು. ಸಾಲಿನ ಆಚೆ ನೋಡಿದಳು, ಈಚೆ ನೋಡಿದಳು. ಕಣ್ಣು ಅರಳಿದವು.

"ಮೃತ್ಯುಂಜಯಣ್ಣಾರ, ಆ ಕಡೆ ಕೇಬಲ್ ಹರದಿಲ್ಲ, ಈ ಕಡೆನೂ ಹರದಿಲ್ಲ. ಬದುವಿನ ನಟ್ಟನಡುವ ಹೂತಿದ್ವಿ, ನೀವೂ ನಿಂತು ನೋಡೀರಿ. ಎರಡೂ ತುದಿಗೆ ಹಗ್ಗಾ ಕಟ್ಟಿ ಬಿಗೀರಿ. ಹಗ್ಗಾ ಎಲ್ಲೋ, ಬದು ಅಲ್ಲಿ. ಇವತ್ತ, ಇಷ್ಟೂ ಮಂದಿ ಮುಂದ ಕಟ್ಟಿಬಿಡೂಣು. ಸರ್ವೇದವ್ರು ಯಾಕ ಬೇಕು?"

ಹಗ್ಗ ಬಿಗಿದರು. ಅದು ಮಾಲತೇಶ ಉತ್ತ ಸಾಲಿನ ಮೇಲೆಯೇ ಹಾದು ಹೋಯಿತು. ಎಲ್ಲರೂ ಅವನ ಮುಖ ನೋಡಿದರು. ಅವನು ಒಮ್ಮೆ ಕೆಮ್ಮಿದ, ಪಂಚೆ ಎತ್ತಿ ಕಟ್ಟಿದ. "ಸಲಿಕಿ ಕೊಡ್ರಿಲ್ಲೆ."

"ಮೊಳಕಾಲುದ್ದ!" ಎಂದ ಮೃತ್ಯುಂಜಯ. ಸ್ವಲ್ಪ ಹೊತ್ತು ನೋಡಿ ತಾನೂ ಗುದ್ದಲಿ ಹಿಡಿದ.

ಮುಂದಿನದು ಬರೀ ಓಟ! ಇವರು ಅಗೆದರು, ಇರಮ ಕೂದಲೆಳೆಯಂಥ ಗಾಜಿನ ಎಳೆಗಳನ್ನು ಬೆಸೆದಳು, ಗಾಳಿಯ ಧೂಳು ಬೀಳದಂತೆ ಮಾಬೂಬಿ ಸೆರಗು ಹಿಡಿದು ನಿಂತಳು. ಮೊದಲ ಕ್ಯಾನು ಡೈರಿಯ ಕಟ್ಟೆ ಹತ್ತುವ ಹೊತ್ತಿಗೆ ಇರಮ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ದೀಪ ಮಿಣಕ್ಕೆಂದಿತು. ಹಸಿರು! ಯಂತ್ರ ಕರ್ರೆಂದು ಚೀಟಿ ಉಗುಳಿತು. ಹೆಂಗಸರು ಹಾಕಿದ ಕೇಕೆಗೆ ಕಟ್ಟಿದ ಎಮ್ಮೆಗಳು ಕಿವಿ ನಿಮಿರಿಸಿದವು.

ಮಾಲತೇಶ ಪೆನ್ನನ್ನು ಕೌಸ್ತುಭನ ಜೇಬಿಗೇ ಸಿಕ್ಕಿಸಿದ. "ನಿಮ್ಮ ವೈರ್ ಇರಲ್ರಿ, ಇಕೀದೂ ಇರಲಿ. ಒಬ್ಬರಿಗೇ ಬರಕೊಡೂದಿಲ್ಲ. ಒಂದು ಹರಿದ್ರ ಇನ್ನೊಂದು ಬೇಕಲ್ರಿ?"

"ಹೌದೌದು, ಹರಿಯೋವ್ರು ಊರಾಗ ಅದಾರಲ್ಲ!" ಎಂದ ಮೃತ್ಯುಂಜಯ.

ಇರಮ ನಗುತ್ತ ಡೈರಿಯ ಕಟ್ಟೆಯ ಮೇಲೆ ಕುಸಿದು ಕುಳಿತಳು. ಮಾಬೂಬಿ ಅವಳ ಕೈಗೆ ಲೋಟ ತುಂಬ ಹಾಲು ಕೊಟ್ಟು, ನಾಳೆಯೇ ತನ್ನ ಮನೆಗೂ ವೈರ್ ಎಳೆಯಬೇಕೆಂದು ತಾಕೀತು ಮಾಡಿದಳು.

ಇಷ್ಟೇ. ಈಗ ಬೆರಳು ಆಡಿಸಿ ಇದನ್ನು ಬೇರೆ ಗ್ರೂಪುಗಳಿಗೂ ದಾಟಿಸಿ. ಕಂಬ ಸಿಗದೆ, ಪರವಾನಗಿ ಸಿಗದೆ ಕುಳಿತವರಿಗೆ ಕಳಿಸಿ. ಅದಕ್ಕೂ ಮೊದಲು, ಪಕ್ಕದವನ ಬದು ಒತ್ತುವ ನಿಮ್ಮ ಆ ನೆಂಟನಿಗೆ ಕಳಿಸಿ.