ಹೆಬ್ಬೆರಳಿಗೆ ಸಿಗದ ಒಂದು

ಉತ್ತರಪತ್ರಿಕೆ ತಿದ್ದುವ ಆ ಹಾಲ್‌ನಲ್ಲಿ ಅವಳಷ್ಟು ಸಲ ಎದ್ದು ಕೂತವರು ಇನ್ನೊಬ್ಬರಿಲ್ಲ. ಜೊತೆಯವರು ಅವಳಿಗೆ 'ಚಡಪಡಿಕೆ ಮೇಡಂ' ಎಂದು ಹೆಸರಿಟ್ಟು ವರ್ಷಗಳೇ ಆಗಿದ್ದವು. ಆದರೆ ಆ ದಿನದ ಚಡಪಡಿಕೆಗೆ ಕಾರಣವಿತ್ತು, ಅದೂ ಎಂಥ ಕಾರಣ ಅಂತೀರಿ! ಹನ್ನೊಂದನೇ ಪ್ರಶ್ನೆಯ ಉತ್ತರ ತಪ್ಪೆಂದು ಅವಳು ಈಗಷ್ಟೇ ಕೆಂಪು ಗೀಟು ಎಳೆದಿದ್ದಳು. ಅದರ ಕೆಳಗೇ ಯಾವುದೋ ಮಗು ಪೆನ್ಸಿಲ್ಲಿನಲ್ಲಿ ಬರೆದಿತ್ತು: 'x ಜಾಗದಲ್ಲಿ ಸೊನ್ನೆ ಹಾಕಿ ತಾಳೆ ನೋಡಿದೆ. ಎರಡೂ ಕಡೆ ಅರ್ಧ ಬಂತು.'

ಅಬ್ಬಾ, ಎಷ್ಟು ಧೈರ್ಯ ಎಂದುಕೊಂಡು ಅವಳು ನಕ್ಕಳು.

ಲೆಕ್ಕ ಆಂಶಿಕ ಭಿನ್ನರಾಶಿಯದ್ದು. ಒಂದು ದೊಡ್ಡ ಭಿನ್ನರಾಶಿಯನ್ನು ಒಡೆದು ಸಣ್ಣಸಣ್ಣದಾಗಿ ಬರೆಯುವುದು, ಅಷ್ಟೇ. ಮೇಲೆ x² + 1, ಕೆಳಗೆ (x − 1)(x − 2). ಇದಕ್ಕೆ ಹಾಲ್‌ನಲ್ಲಿದ್ದವರೆಲ್ಲ ಬಳಸುತ್ತಿದ್ದುದು ಹೆಬ್ಬೆರಳಿನ ಉಪಾಯ. ಕೆಳಗಿನ ಒಂದು ಆವರಣವನ್ನು ಹೆಬ್ಬೆರಳಿನಿಂದ ಮುಚ್ಚು, ಅದನ್ನು ಸೊನ್ನೆ ಮಾಡುವ ಸಂಖ್ಯೆಯನ್ನು ಉಳಿದದ್ದಕ್ಕೆ ಹಾಕು, ಉತ್ತರ ಕೈಗೆ ಬಂತು. ಮೊದಲನೆಯದಕ್ಕೆ −2, ಎರಡನೆಯದಕ್ಕೆ 5. ಮಾದರಿ ಉತ್ತರದಲ್ಲೂ ಅದೇ ಇತ್ತು. ಈ ಮಗು ಮಾತ್ರ ಅವೆರಡರ ಜೊತೆಗೆ ಎಲ್ಲಿಂದಲೋ ಒಂದು 'ಒಂದ'ನ್ನು ತಂದು ಕೂಡಿಸಿತ್ತು.

ಮಗುವಿನ ತಪ್ಪು ತೋರಿಸಿಯೇಬಿಡೋಣ ಎಂದು ಅವಳೂ ಸೊನ್ನೆ ಹಾಕಿ ನೋಡಿದಳು. ಪ್ರಶ್ನೆಯ ಕಡೆ ಅರ್ಧ ಬಂತು. ಮಾದರಿ ಉತ್ತರದ ಕಡೆ ಋಣ ಅರ್ಧ! ಇನ್ನೊಮ್ಮೆ ಮಾಡಿದಳು, ಅದೇ ಬಂತು. ಮೇಲಿನ ಘಾತ ಕೆಳಗಿನದಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೆಬ್ಬೆರಳು ಕೆಲಸಕ್ಕೆ ಬರುತ್ತದೆ. ಇಲ್ಲಿ ಮೇಲೂ ಕೆಳಗೂ ವರ್ಗ. ಮೊದಲು ಭಾಗಿಸಿ ಒಂದನ್ನು ಹೊರಗೆ ತೆಗೆಯಬೇಕಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಬೆರಳು ತನ್ನಷ್ಟಕ್ಕೆ ಓಡುತ್ತಿದ್ದಾಗ ತಲೆಯನ್ನು ಕೇಳುವವರು ಯಾರು?

ಇವತ್ತಿನ ಕಟ್ಟಿನಲ್ಲೇ ಹಾಗೆ ಮೂವರು ಮಕ್ಕಳಿಗೆ ಐದೈದು ಅಂಕ ಕತ್ತರಿಸಿದ್ದಳು. ನಾಲ್ಕು ದಿನದಿಂದ ಮೂವತ್ತು ಜನ ತಿದ್ದುತ್ತಿದ್ದಾರೆ. ಐದು ಗಂಟೆಗೆ ಕಟ್ಟುಗಳಿಗೆ ಮೊಹರು ಬಿದ್ದರೆ ಮುಗಿಯಿತು, ಆಮೇಲೆ ಬಿಚ್ಚುವಂತಿಲ್ಲ. ಗೋಡೆ ಗಡಿಯಾರದಲ್ಲಿ ಆಗಲೇ ಮೂರೂಕಾಲು.

ಹೇಳಿದರಾಯಿತಲ್ಲ ಎನ್ನುತ್ತೀರಿ. ಯಾರಿಗೆ ಹೇಳುವುದು? ಮಾದರಿ ಉತ್ತರ ಬರೆದವನು ಮುಖ್ಯ ಪರೀಕ್ಷಕ, ಅವಳ ಸ್ವಂತ ಅಣ್ಣ. ಹಾಲ್‌ನಲ್ಲಿದ್ದ ಅರ್ಧಕ್ಕರ್ಧ ಮಂದಿ ಅವನ ಹತ್ತಿರವೇ ಓದಿದವರು. ಹೆಬ್ಬೆರಳಿನ ಉಪಾಯ ಕಲಿಸಿದವನೂ ಅವನೇ. ಲೆಕ್ಕದಲ್ಲಿ ಹುಲಿ, ಕೋಪದಲ್ಲಿ ಸಾಕ್ಷಾತ್ ದೂರ್ವಾಸ.

ಅವಳು ನೀರು ಕುಡಿದು ಬಂದಳು. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಮತ್ತೆ ನೀರಿನ ಕಡೆ ಹೊರಟಳು.

"ಏನ್ ಮೇಡಂ, ಟ್ಯಾಂಕ್ ಖಾಲಿ ಮಾಡ್ಬೇಕು ಅಂತ ಹರಕೆ ಹೊತ್ತಿದೀರಾ?" ಎಂದರು ಪಕ್ಕದ ಮೇಜಿನ ದಪ್ಪ ಕನ್ನಡಕದ ಮೇಷ್ಟ್ರು.

"ಹನ್ನೊಂದನೇ ಪ್ರಶ್ನೆ..." ಎಂದಳು ಅವಳು.

ಮೇಷ್ಟ್ರ ನಗು ಅಲ್ಲೇ ನಿಂತಿತು. ಅವರು ತಟ್ಟನೆ ತಲೆ ತಗ್ಗಿಸಿ ತಿದ್ದಲು ಶುರುಮಾಡಿದರು. ಅದೇಕೆಂದು ಕೇಳುವ ವ್ಯವಧಾನ ಅವಳಿಗಿರಲಿಲ್ಲ. ಆ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಅಣ್ಣನ ಕೋಣೆಗೆ ನುಗ್ಗಿದಳು.

"ಅಣ್ಣಾ, ಹನ್ನೊಂದರ ಉತ್ತರ ತಪ್ಪಿದೆ."

"ಯಾರದ್ದು?"

"ನಿಂದು."

ಅಣ್ಣ ತಲೆಯೆತ್ತಿದ. "ಏನೇ ಇದು? ಕೊನೇ ದಿನ, ಮುಕ್ಕಾಲು ಪಾಲು ಕಟ್ಟು ರೆಡಿಯಾಗಿದೆ, ಈಗ ಬಂದು ರಾಗ ಎಳೀತೀಯಾ? ಹೆಬ್ಬೆರಳು ಇಟ್ಟು ನೋಡು, ಎರಡು ನಿಮಿಷದ ಲೆಕ್ಕ!"

"ಹೆಬ್ಬೆರಳು ಇಟ್ಟಿದ್ದೇ ತಪ್ಪಾಯ್ತು. ಸೊನ್ನೆ ಹಾಕಿ ನೋಡಣ್ಣ."

ಅವನು ಹಾಳೆ ಕಿತ್ತುಕೊಂಡ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕಿವಿ ಕೆಂಪಗಾಯಿತು.

"ಇಷ್ಟು ಜನರಿದಾರೆ, ಯಾರ ಕಣ್ಣಿಗೂ ಬೀಳದ್ದು ನಿನ್ನ ಕಣ್ಣಿಗೆ ಬಿತ್ತಾ? ನಡಿ, ಕೇಳೇಬಿಡೋಣ," ಎಂದು ಅವನು ಎದ್ದ.

ಹಾಲ್‌ನ ನಡುವೆ ನಿಂತು ಅವನು ಗಂಟಲೆತ್ತಿದ. "ಎಲ್ಲರೂ ಕೇಳಿ. ಹನ್ನೊಂದನೇದಕ್ಕೆ ನಾನು ಕೊಟ್ಟ ಉತ್ತರ ತಪ್ಪು ಅಂತಾಳೆ ನನ್ನ ತಂಗಿ. ಇನ್ಯಾರಿಗಾದ್ರೂ ಹಾಗನ್ನಿಸಿದ್ಯಾ? ಕೈ ಎತ್ತಿ."

ಯಾರೂ ಎತ್ತುವುದಿಲ್ಲ ಎಂಬ ಧೈರ್ಯ ಅವನಿಗೆ. ಅವಳಿಗೂ ಹಾಗೇ ಅನ್ನಿಸಿ ನೆಲ ನೋಡುತ್ತ ನಿಂತಳು. ಎಲ್ಲೋ ಕುರ್ಚಿ ಕಿರ್ರೆಂದಿತು. ದಪ್ಪ ಕನ್ನಡಕದ ಮೇಷ್ಟ್ರ ಕೈ ಭುಜದವರೆಗೆ ಬಂದು, ತಡೆದು, ಮೇಲೆ ಹೋಯಿತು. ಕಿಟಕಿ ಪಕ್ಕದ ಇಬ್ಬರು ಎತ್ತಿದರು. ಆಮೇಲೆ ಹಿಂದಿನ ಸಾಲು. ಅವಳು ಎಣಿಸಿದಳು. ಹದಿನಾಲ್ಕು ಕೈ.

"ಯಾವಾಗ ಗೊತ್ತಾಯ್ತು?" ಅಣ್ಣನ ದನಿ ಇಳಿದಿತ್ತು.

"ಮೊದಲನೇ ದಿನಾನೇ ಸರ್," ಎಂದರು ಮೇಷ್ಟ್ರು. "ಆದ್ರೂ ನೀವು ಕೊಟ್ಟ ಹಾಗೇ ತಿದ್ದಿದ್ವಿ."

"ಮಕ್ಕಳ ಅಂಕ ಕಣ್ರೀ ಅದು! ಬಾಯಲ್ಲಿ ಕಡುಬು ತುಂಬ್ಕೊಂಡಿದ್ರಾ? ಯಾಕ್ರೀ ಹೇಳ್ಲಿಲ್ಲ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೋದ ವರ್ಷ ನಿಮ್ಮ ಉತ್ತರ ತಪ್ಪಿದೆ ಅಂತ ಒಬ್ರು ಹೇಳಿದ್ರು ಸರ್. ನೀವು ಅವ್ರನ್ನ ಇಲ್ಲೇ ನಿಲ್ಲಿಸಿ, ನಮ್ಮೆಲ್ಲರ ಮುಂದೆ ಹದಿನೇಳರ ಮಗ್ಗಿ ಹೇಳಿಸಿದ್ರಿ. ಈ ವರ್ಷ ಅವ್ರು ಬಂದಿಲ್ಲ."

ಅವಳಿಗೆ ಅಣ್ಣನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು. ಎದ್ದ ಕೈಗಳನ್ನು ಅವನು ಒಂದೊಂದಾಗಿ ನೋಡಿದ. ಎಲ್ಲ ಅವನು ಕೈಹಿಡಿದು ಲೆಕ್ಕ ಕಲಿಸಿದವರದ್ದೇ.

"ಮೊಹರು ಹಾಕೋದು ಬೇಡ," ಎಂದ ಕೊನೆಗೆ. "ಎಲ್ಲಾ ಕಟ್ಟು ಬಿಚ್ಚಿ. ತಪ್ಪು ನಂದು ಅಂತ ನಾನೇ ಬರೆದು ಕಳಿಸ್ತೀನಿ."

ದಡಬಡ ಸದ್ದಿನಲ್ಲಿ ಎಲ್ಲರೂ ಎದ್ದರು. ಆ ಗದ್ದಲದಲ್ಲಿ ಅವನು ತಂಗಿಯ ಹತ್ತಿರ ಬಂದು, ಅವಳಿಗಷ್ಟೇ ಕೇಳುವಂತೆ ಕೇಳಿದ: "ನಿಂಗೂ ನನ್ನ ಕಂಡ್ರೆ ಭಯಾನಾ?"

ಇಲ್ಲ ಎನ್ನಬೇಕೆಂದು ಅವಳಿಗೆ ಬಹಳ ಆಸೆಯಾಯಿತು.

"ಹೂಂ ಅಣ್ಣ," ಎಂದಳು. "ಚಿಕ್ಕವಳಿದ್ದಾಗಿಂದ."

ಅವನು ತಲೆಯಾಡಿಸಿದ. ಅವಳ ಮೇಜಿನ ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ಕೂತು, ಮೊದಲ ಕಟ್ಟಿನ ದಾರ ಬಿಚ್ಚತೊಡಗಿದ.