ಪೆಟ್ಟಿಗೆಯ ಕಿವಿಗುರುತು

ಮೂರು ಟಗರು, ಹಾಲು ಕೊಡುವ ಒಂದು ಆಡು. ಆ ಕರಿ ಪೆಟ್ಟಿಗೆಗಾಗಿ ಕಾಶಿಬಾಯಿಯ ಮನೆಯಿಂದ ಹೋದದ್ದು ಇಷ್ಟು. ಹಳೆಯ ಟಿವಿ, ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಪತ್ರಾಸಿನ ಅಂಗಡಿ, ಎರಡು ಬೆಂಚು ಬೇರೆ ಲೆಕ್ಕ. ಹುಡುಗರಿಗೆ ತಾಸಿನ ಲೆಕ್ಕದಲ್ಲಿ ಆಡಿಸಲೆಂದು ಸಂಕ್ರಾಂತಿಗೆ ಕೊಂಡ ವಿಡಿಯೋ ಗೇಮ್ ಪೆಟ್ಟಿಗೆ ಮೇ ತಿಂಗಳಿಗೆ ಕೆಟ್ಟು, ಈಗ ವಿಜಾಪುರದಲ್ಲಿ ಅದನ್ನು ಮಾರಿದ ಅನಿಲನ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು.

ಅನಿಲ ಮೂಲೆಯಲ್ಲಿದ್ದ ಬೆಳ್ಳಿ ಬಣ್ಣದ ಚೀಟಿಯ ಮೇಲೆ ಬೆರಳಿಟ್ಟ. "ಅಕ್ಕಾರ, ಇದನ್ನ ಯಾರು ಕೊಯ್ದಾರ?"

"ನಮ್ಮ ಮನಿಯವ್ರು," ಅಂದಳು ಕಾಶಿಬಾಯಿ.

"ಒಳಗ ಬಿಚ್ಚಾಕ ಹೋಗಿದ್ರೇನು?"

"ಯಾಕ ಬಿಚ್ತಾರಿ? ಗುರುತು ಹಾಕ್ಯಾರ."

ಅವಳ ಗಂಡ ಸೋಮನಿಂಗನ ಮನೆತನದಲ್ಲಿ ಕೊಂಡ ಕುರಿ ಹಟ್ಟಿಯೊಳಗೆ ಕಾಲಿಡುವ ಮೊದಲೇ ಅದರ ಬಲಗಿವಿಗೆ ಎರಡು ಕಚ್ಚು ಬೀಳಬೇಕು. ಇಲ್ಲದಿದ್ದರೆ ಮೇಯುವಲ್ಲಿ ಹಿಂಡು ಕಲೆತಾಗ ಯಾರದು ಯಾವುದು ಅನ್ನುವುದು ದೇವರಿಗೇ ಗೊತ್ತು. ಬಸ್‌ಸ್ಟ್ಯಾಂಡಿನ ಸುತ್ತ ಅಂಥವೇ ಕರಿ ಪೆಟ್ಟಿಗೆಗಳು ಇನ್ನೆರಡು ಇದ್ದವು. ಅವನು ಚೂರಿ ಕಾಯಿಸಿ ಬಲಮೂಲೆಗೆ ಎರಡು ಕಚ್ಚು ಎಳೆದಿದ್ದ. ಆ ಹೊಳೆಯುವ ಚೀಟಿಯನ್ನು ಗುರುತು ಹಾಕಲೆಂದೇ ಅಂಟಿಸಿದ್ದಾರೆ ಎಂದುಕೊಂಡಿದ್ದ.

ಅನಿಲ ನಕ್ಕ. ಅವಳು ನಗದಿದ್ದುದನ್ನು ಕಂಡು ಬಿಡಿಸಿ ಹೇಳಿದ. "ಈ ಸೀಲ್ ಹರಿದ್ರ ಪೆಟ್ಟಿಗಿ ಬಿಚ್ಚಿದಂಗ ಲೆಕ್ಕ. ಬಿಚ್ಚಿದ್ರ ಗ್ಯಾರಂಟಿ ಮುಗೀತು. ಇನ್ನೂ ಎಂಟು ತಿಂಗಳಿತ್ತು, ಹೋತು."

"ಖರೀದಿ ಮಾಡಿದವ್ರು ನಾವಲ್ರಿ?"

"ಪೆಟ್ಟಿಗಿ ನಿಮ್ದ. ಒಳಗ ನಡಸೋ ಪ್ರೋಗ್ರಾಂ ಐತಲ್ಲ, ಅದು ಕಂಪನೀದು. ನಿಮಗ ಬರೇ ಬಳಸಾಕ ಕೊಟ್ಟಾರ."

"ಅಂದ್ರ ಕುರಿ ನಂದು, ಅದರ ಉಸಿರು ಮಾರಿದವಂದು?"

"ಹಂಗ ಅಂತ ತಿಳ್ಕೋರಿ."

"ಹಂಗಾರ ನಾ ಬ್ಯಾರೆ ಕಡೆ ಬಿಚ್ಚಿಸಿದ್ರ ಪೊಲೀಸ್ರು ಬರ್ತಾರೇನು?"

ಅನಿಲ ಪೆಟ್ಟಿಗೆಯ ಜೊತೆ ಬಂದಿದ್ದ ಕಾಗದವನ್ನು ಮಗುಚಿ ಹಾಕಿದ. ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. "ಕಾನೂನು ಕ್ರಮ ಅಂತ ಒಂದ್ ಮಾತು ಐತಿ. ಯಾವುದಕ್ಕ ಅಂತ ನನಗೂ ತಿಳಿವಲ್ದು, ಅಕ್ಕಾರ. ಮಾರೋದಷ್ಟ ನಮ್ಮ ಕೆಲಸ."

ಸಿಂದಗಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಪಾಲಿಗೆ ಕೊಟ್ಟ ಆಡಿನ ಕಾನೂನು ಅವಳಿಗೆ ಗೊತ್ತಿತ್ತು: ಆಡು ಕೊಟ್ಟವನದು, ಹಾಲು ಸಾಕಿದವನದು, ಮರಿ ಅರ್ಧರ್ಧ. ಅದಕ್ಕೆ ಕಾಗದ ಬೇಕಿರಲಿಲ್ಲ. ಪೂರ್ತಿ ರೊಕ್ಕ ಕೊಟ್ಟೂ ಪಾಲಿನದಾಗಿಯೇ ಉಳಿಯುವ ವಸ್ತು ಮಾತ್ರ ಅವಳ ತಲೆಗೆ ಇಳಿಯಲಿಲ್ಲ. ಶಾಲೆಗಳಿಗೆ ಸೂಟಿ ಇತ್ತು. ವರ್ಷದ ಅರ್ಧ ಗಳಿಕೆ ಈ ಒಂದು ತಿಂಗಳಲ್ಲೇ ಆಗಬೇಕಿತ್ತು. ಪೆಟ್ಟಿಗೆ ನಡೆಯದಿದ್ದರೆ ಅಂಗಡಿ ಮುಚ್ಚಬೇಕು. ಬಿಚ್ಚಿಸಿದರೆ ಏನಾಗುವುದೋ ತಿಳಿಯದು.

ಸಿಂದಗಿಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವ ಇಬ್ರಾಹಿಂಸಾಬನ ಅಂಗಡಿಯ ಕಟ್ಟೆಯ ಮೇಲೆ ಸೋಮನಿಂಗ ಆಗಲೇ ಬಂದು ಕೂತಿದ್ದ. ಸುದ್ದಿ ಕೇಳಿ ತಲೆ ತಗ್ಗಿಸಿದ.

"ನನ್ನ ಕೈಲೇ ಆತಲ್ಲ."

"ಪುಣ್ಯಾ, ಟಿವಿಗೆ ಕಿವಿ ಕಾಣಲಿಲ್ಲ ನಿಮಗ," ಅಂದಳು ಕಾಶಿಬಾಯಿ.

ಇಬ್ರಾಹಿಂಸಾಬ ಸ್ಕ್ರೂಡ್ರೈವರ್ ಹಿಡಿದವನು ಹಾಗೇ ನಿಂತ. "ಏನಾಗ್ತೈತಿ ಇದಕ್ಕ?"

"ಹತ್ತು ನಿಮಿಷ ನಡೀತೈತಿ ಮಾಮಾ," ಅಂದಳು ಕಾಶಿಬಾಯಿ. "ಆಮ್ಯಾಲೆ ಕಾದು ಬಂದ್ ಬೀಳ್ತೈತಿ."

"ಬಿಚ್ಚು ಅಂತ ನಿನ್ನ ಬಾಯಿಲೆ ಅನ್ನು, ಕಾಶವ್ವ. ನಾಳಿ ನನ್ನ ಹೆಸರು ಬರಬಾರದು. ಬಿಚ್ಚಿದ ಮ್ಯಾಲ ಒಂದು ಚಿಪ್ಪೂ ಕೂಡಿಸ್ಲೇನು? ನಕಲಿ ಸಿ.ಡಿ.ನೂ ನಡೀತಾವ."

"ಅದು ತಪ್ಪಲ್ಲೇನು?"

"ಒಬ್ರು ತಪ್ಪಂತಾರ, ಒಬ್ರು ನಿನ್ನ ಪೆಟ್ಟಿಗಿ ನಿನ್ನ ಖುಷಿ ಅಂತಾರ. ನಾ ಬೆಸಗಿ ಹಾಕಾಂವ, ಜಡ್ಜ್ ಅಲ್ಲ."

ಅವಳು ಗಂಡನ ಮುಖ ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

"ಚಿಪ್ ಬ್ಯಾಡ," ಅಂದಳು. "ಮಂದಿ ಕುರಿ ನಮ್ಮ ಹಿಂಡಿನಾಗ ಹೊಕ್ಕಂಗ ಆಗ್ತೈತಿ. ಇದರ ರೋಗ ಅಷ್ಟ ನೋಡ್ರಿ."

"ಹಂಗಾರ ಬಿಚ್ಚಲಿ?"

"ಯಾರ್ದೋ ನನಗ ಗೊತ್ತಿಲ್ಲ. ರೊಕ್ಕ ಅಂತೂ ನಮ್ದ. ಬಿಚ್ರಿ."

ನಾಲ್ಕು ಸ್ಕ್ರೂ ಹೊರಬಂದವು. ಮುಚ್ಚಳ ಎತ್ತಿದ ಇಬ್ರಾಹಿಂಸಾಬ ಹೊಟ್ಟೆ ಕುಣಿಸುತ್ತ ನಕ್ಕ. ಒಳಗಿನ ಪುಟ್ಟ ಫ್ಯಾನಿನ ತುಂಬ ಕರಿ ಎಳೆಗಳು ಸುತ್ತಿಕೊಂಡು ಗಂಟಾಗಿದ್ದವು. "ಇದರ ಮ್ಯಾಲ ಏನ್ ಹೊಚ್ತಿದ್ರಿ?"

"ಕಂಬಳಿ," ಅಂದ ಸೋಮನಿಂಗ. "ಧೂಳ ಬಡೀಬಾರದಂತ. ನಡಿಯೋ ಮುಂದನೂ."

ಇಬ್ರಾಹಿಂಸಾಬ ಚಿಮಟಿಗೆಯಿಂದ ಎಳೆಎಳೆಯಾಗಿ ಉಣ್ಣೆ ತೆಗೆದು ಕಾಶಿಬಾಯಿಯ ಅಂಗೈಗೆ ಹಾಕುತ್ತ ಹೋದ. ಸೋಮನಿಂಗ ಒಂದೆಳೆ ಎತ್ತಿ ಬೆರಳ ನಡುವೆ ಹೊಸೆದು ನೋಡಿದ.

"ಕಂಬಳಿ ನೇಯಿಸಿದ್ದು ನಮ್ಮ ಕುರಿ ಉಣ್ಣೀಲೇ. ಇದು ನಮ್ದ," ಅಂದ. ಆ ದಿನ ಯಾರೂ ಇಷ್ಟು ಖಾತ್ರಿಯಾಗಿ ಮಾತಾಡಿರಲಿಲ್ಲ.

ಫ್ಯಾನು ತಿರುಗಿತು. ಹತ್ತು ನಿಮಿಷ ದಾಟಿತು, ಅರ್ಧ ತಾಸು ದಾಟಿತು, ಪೆಟ್ಟಿಗೆ ನಿಲ್ಲಲಿಲ್ಲ. ಇಬ್ರಾಹಿಂಸಾಬ ಚಹಾದ ಹೊರತು ಏನೂ ಬೇಡವೆಂದ. ಸೋಮನಿಂಗ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಪೆಟ್ಟಿಗೆಯನ್ನು ಬರಿಗೈಯಲ್ಲಿ ಎತ್ತಿಕೊಂಡು ಮುಂದೆ ನಡೆದ.

ಎಂಟು ತಿಂಗಳ ಗ್ಯಾರಂಟಿ ಹೋಯಿತು. ಹಿಡಿ ಉಣ್ಣೆ ಸಿಕ್ಕಿತು. ಕಾಶಿಬಾಯಿ ಅದನ್ನು ಚೆಲ್ಲದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.